ಹಾವೇರಿಯಿಂದ ದ್ವೀಪಕ್ಕೆ, ಕೈಯಲ್ಲಿದ್ದಷ್ಟು ರೊಕ್ಕದಲ್ಲಿ

ನಾಲ್ಕು ಮಂದಿ ದೋಸ್ತರು ಕೂಡಿ ಪ್ರವಾಸದ ಮಾತು ತೆಗೆದರೆ ಹಾವೇರಿ ಕಡೆ ಮೊದಲು ಬರುವ ಹೆಸರು ಗೋವಾ, ಆಮೇಲೆ ದಾಂಡೇಲಿ. ನಡುವೆ ಯಾರಾದರೂ ದ್ವೀಪ ಎಂದರೆ ‘ಲಾಟರಿ ಹತ್ತೇತೇನಪಾ ನಿನಗ?’ ಎಂದು ಬಾಯಿ ಮುಚ್ಚಿಸುತ್ತಾರೆ. ದ್ವೀಪವೆಂದರೆ ಹೊಸದಾಗಿ ಮದುವೆಯಾದವರಿಗೆ, ಬೆಂಗಳೂರಿನ ಕಂಪನಿ ನೌಕರರಿಗೆ ಎಂಬ ಭಾವನೆ ಗಟ್ಟಿಯಾಗಿ ಕೂತಿದೆ. ಆದರೆ ಶಿರಸಿ, ಕುಮಟಾ ದಾಟಿ ಮುರ್ಡೇಶ್ವರಕ್ಕೆ ಹಾವೇರಿಯಿಂದ ಸುಮಾರು 185 ಕಿಲೋಮೀಟರ್. ಅಲ್ಲಿಂದ ದೋಣಿ ಹತ್ತಿದರೆ ನೇತ್ರಾಣಿ. ಇನ್ನೂ 100 ಕಿಲೋಮೀಟರ್ ತೆಂಕಣಕ್ಕೆ ಇಳಿದರೆ ಮಲ್ಪೆ, ಅದರೆದುರು ಸೇಂಟ್ ಮೇರಿಸ್ ದ್ವೀಪ. ಸ್ವಲ್ಪ ಮೊದಲೇ ಕೂಡಿಟ್ಟರೆ ಅಂಡಮಾನ್ ಕೂಡ ಕೈಗೆ ಎಟುಕದ್ದಲ್ಲ.

ಖರ್ಚು ಕಡಿಮೆ ಮಾಡಲು ಹತ್ತು ದಾರಿಗಳಿವೆ. ರೂಮಿನಲ್ಲಿ ಉಳಿಸಬಹುದು, ಊಟದಲ್ಲಿ, ಓಡಾಟದಲ್ಲಿ ಉಳಿಸಬಹುದು. ದೋಣಿಯಲ್ಲಿ ಮಾತ್ರ ಉಳಿಸಬಾರದು. ಈ ಮಾತು ನಮ್ಮ ಜಿಲ್ಲೆಯವರಿಗೆ ಬೇರೆಯವರಿಗಿಂತ ಹೆಚ್ಚು ಗೊತ್ತಿರಬೇಕು. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ನಮ್ಮದೇ ಶಿಗ್ಗಾವಿ ತಾಲ್ಲೂಕಿನ ಒಂದೇ ಕುಟುಂಬದ ಹಲವರಿದ್ದರು. ದೋಣಿಯಲ್ಲಿ ಮಿತಿ ಮೀರಿ ಜನ ಹತ್ತಿದ್ದರೆಂದು ಆಗ ವರದಿಯಾಯಿತು. ಬಯಲುಸೀಮೆಯಿಂದ ಹೋದವರಿಗೆ ಯಾವ ದೋಣಿಯಲ್ಲಿ ಎಷ್ಟು ಜನ ಕೂರಬೇಕೆಂಬ ಅಂದಾಜು ಇರುವುದಿಲ್ಲ. ಎಲ್ಲರೂ ಹತ್ತಿದರು, ನಾವೂ ಹತ್ತಿದೆವು ಎಂದಾಗುತ್ತದೆ. ಲೈಫ್ ಜಾಕೆಟ್ ಮೈಮೇಲೆ ಇರಬೇಕು, ಬಕಲ್ ಹಾಕಿರಬೇಕು. ಬೆನ್ನ ಹಿಂದೆ ಒರಗುದಿಂಬಾಗಿ ಇಟ್ಟುಕೊಂಡರೆ ಅದು ಇದ್ದೂ ಇಲ್ಲದ ಹಾಗೆ. ತುಂಬಿ ತುಳುಕುವ ದೋಣಿ ಕಂಡರೆ ಮುಂದಿನದಕ್ಕೆ ಕಾಯಿರಿ. ಅರ್ಧ ತಾಸು ತಡವಾಗಬಹುದು, ಅಷ್ಟೇ.

ಯಾವಾಗ ಹೋಗಬೇಕು

ದರ ನೋಡುವ ಮೊದಲು ಕ್ಯಾಲೆಂಡರ್ ನೋಡಬೇಕು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ಊರಿನ ದೋಸ್ತರಿಗೆ ಒಟ್ಟಿಗೆ ಬಿಡುವು ಸಿಗುವುದೇ ಈ ಪ್ರವಾಸದ ದೊಡ್ಡ ಕಗ್ಗಂಟು. ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಇದ್ದವನಿಗೆ, ಅಲ್ಲಿ ಲೆಕ್ಕ ಬರೆಯುವವನಿಗೆ, ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಇದ್ದವನಿಗೆ ಜನವರಿಯಿಂದ ಏಪ್ರಿಲ್‌ವರೆಗೆ ಊರು ಬಿಡುವ ಮಾತೇ ಇಲ್ಲ. ಮೆಣಸಿನಕಾಯಿ ಚೀಲಗಳು ಪೇಟೆಯ ತುಂಬ ಬೀಳುವ ಕಾಲ ಅದು. ರಾಣೆಬೆನ್ನೂರಿನ ಕಡೆ ಬೀಜೋತ್ಪಾದನೆಯ ಪ್ಲಾಟು ಹಿಡಿದವನಿಗೆ ಕ್ರಾಸಿಂಗ್ ನಡೆದಿರುವಾಗ ಒಂದು ದಿನ ತಪ್ಪಿದರೂ ಕೆಲಸ ಕೆಟ್ಟಂತೆ. ಹಾವೇರಿಯಲ್ಲಿ ಸರ್ಕಾರಿ ನೌಕರಿ ಇದ್ದವನಿಗೆ ಎರಡನೇ, ನಾಲ್ಕನೇ ಶನಿವಾರದ ಲೆಕ್ಕ.

ಕಡಲಿಗೂ ತನ್ನದೇ ಲೆಕ್ಕವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಒರಟು. ಮಲ್ಪೆಯಿಂದ ದ್ವೀಪಕ್ಕೆ ದೋಣಿ ಬಂದ್, ನೇತ್ರಾಣಿಯ ಸ್ಕೂಬಾ ಬಂದ್. ಆ ಹೊತ್ತಿನಲ್ಲಿ ಘಟ್ಟದ, ಕರಾವಳಿಯ ರಸ್ತೆಯೂ ನೆಚ್ಚುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ‘ಆಫ್ ಸೀಸನ್, ರೂಮು ಅರ್ಧ ದರ’ ಎಂದು ಜುಲೈನಲ್ಲಿ ಹೊರಟರೆ ಅರ್ಧ ದರದ ರೂಮಿನ ಕಿಟಕಿಯಿಂದ ಮಳೆ ನೋಡಿಕೊಂಡು ಬರಬೇಕಾಗುತ್ತದೆ.

ಎರಡನ್ನೂ ಕೂಡಿಸಿ ನೋಡಿದರೆ ನಮ್ಮ ಭಾಗದವರಿಗೆ ಒದಗುವುದು ದೀಪಾವಳಿಯ ಮರುವಾರದಿಂದ ಡಿಸೆಂಬರ್ ಎರಡನೇ ವಾರದವರೆಗಿನ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಮೆಣಸಿನಕಾಯಿ ಪೇಟೆ ಇನ್ನೂ ಕಾವೇರಿರುವುದಿಲ್ಲ, ಕ್ರಿಸ್‌ಮಸ್‌ನ ದರಗಳು ಶುರುವಾಗಿರುವುದಿಲ್ಲ. ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಕರಾವಳಿಯೇ ಆಗಲಿ ಅಂಡಮಾನೇ ಆಗಲಿ, ಯಾವ ಲೆಕ್ಕಾಚಾರಕ್ಕೂ ಬಗ್ಗುವುದಿಲ್ಲ. ಅಂಡಮಾನಿಗೆ ಹೋಗುವವರು ದಸರೆಯ ದಿನಗಳನ್ನೂ ಬಿಡಬೇಕು. ದುರ್ಗಾಪೂಜೆಯ ರಜೆಗೆ ಕೋಲ್ಕತ್ತದಿಂದ ಜನ ತುಂಬಿ ಬರುತ್ತಾರೆ. ಬ್ಯಾಡಗಿಯವರು ಜೊತೆಗಿದ್ದರೆ ಕರಾವಳಿ ಪ್ರವಾಸವನ್ನು ಗುರುವಾರ ರಾತ್ರಿ ಶುರು ಮಾಡಿ ಭಾನುವಾರ ಮುಗಿಸಿ. ಅಲ್ಲಿಯ ಪೇಟೆಗೆ ಸೋಮವಾರ, ಗುರುವಾರ ಮುಖ್ಯ.

ಮೊದಲ ಸಲವಾದರೆ ಕರಾವಳಿಯ ದ್ವೀಪವೇ ಸಾಕು

ಕಡಲನ್ನು ದಂಡೆಯಿಂದ ಮಾತ್ರ ನೋಡಿದವರಿರುವ ಗುಂಪು ಮೊದಲು ಮಲ್ಪೆಗೆ ಹೋಗಲಿ. ಯಾರಿಗೆ ದೋಣಿಯಲ್ಲಿ ವಾಂತಿಯಾಗುತ್ತದೆ, ಯಾರು ರೊಕ್ಕದ ವಿಷಯದಲ್ಲಿ ಕಿರಿಕಿರಿ ಮಾಡುತ್ತಾರೆ, ಯಾರು ಬೆಳಿಗ್ಗೆ ಏಳುವುದೇ ಇಲ್ಲ ಎಂಬುದೆಲ್ಲ ಎರಡು ರಾತ್ರಿಯಲ್ಲಿ ತಿಳಿಯುತ್ತದೆ. ಮೂವತ್ತು ಸಾವಿರ ಸುರಿದು ಅಂಡಮಾನಿನಲ್ಲಿ ಇದನ್ನು ಕಂಡುಕೊಳ್ಳುವುದಕ್ಕಿಂತ ಮೂರೂವರೆ ಸಾವಿರದಲ್ಲಿ ಉಡುಪಿಯಲ್ಲಿ ಕಂಡುಕೊಳ್ಳುವುದು ವಾಸಿ.

ಸೇಂಟ್ ಮೇರಿಸ್ ಸಣ್ಣ ದ್ವೀಪಗಳ ಸಾಲು. ಮಲ್ಪೆಯವರು ತೋನ್ಸೆಪಾರ್ ಎನ್ನುವುದೂ ಉಂಟು. ವಾಸ್ಕೋ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಈ ಹೆಸರಿಟ್ಟನೆಂಬ ಪ್ರತೀತಿ ಇದೆ. ನೋಡಬೇಕಾದದ್ದು ಅಲ್ಲಿಯ ಕಲ್ಲು: ಷಟ್ಕೋನದ ಕಂಬಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಎದ್ದು ನಿಂತಿದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತ ಬಿರಿದು ಹೀಗಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಿನಲ್ಲಿ ನಡೆದರೆ ಚುಚ್ಚುತ್ತದೆ. ಹಿಡಿತವಿರುವ ಚಪ್ಪಲಿ ಬೇಕು. ರಾತ್ರಿ ಉಳಿಯಲು ಬಿಡುವುದಿಲ್ಲ, ಪ್ಲಾಸ್ಟಿಕ್ ತರಲು ಬಿಡುವುದಿಲ್ಲ, ನೆರಳು ಕಡಿಮೆ. ಬೆಳಗಿನ ಮೊದಲ ದೋಣಿಗಳಲ್ಲಿ ಹೋದರೆ ಬಿಸಿಲೂ ಕಡಿಮೆ, ಜನವೂ ಕಡಿಮೆ. ಶನಿವಾರ, ಭಾನುವಾರ ಮಧ್ಯಾಹ್ನ ಹೋದವರಿಗೆ ಕಲ್ಲಿಗಿಂತ ಸೆಲ್ಫಿ ತೆಗೆಯುವವರೇ ಹೆಚ್ಚು ಕಾಣುತ್ತಾರೆ.

ವರದೆಯಲ್ಲಿ, ತುಂಗಭದ್ರೆಯಲ್ಲಿ ಈಜಿ ಬೆಳೆದವರಿಗೆ ಒಂದು ಕಿವಿಮಾತು. ಹೊಳೆಯ ಈಜು ಸಮುದ್ರದಲ್ಲಿ ನಡೆಯುವುದಿಲ್ಲ. ಅಲೆ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ, ದಂಡೆಯಿಂದ ಒಳಗೆ ಸೆಳೆಯುವ ಪ್ರವಾಹ ಮೇಲಿನಿಂದ ಕಾಣುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು. ಜೀವರಕ್ಷಕರು ಸೀಟಿ ಊದಿದರೆ ಅವರ ಜೊತೆ ವಾದ ಬೇಡ. ಕುಡಿದು ನೀರಿಗಿಳಿಯುವ ದೋಸ್ತನ ಜೊತೆಯಂತೂ ಹೋಗುವುದೇ ಬೇಡ.

ನೇತ್ರಾಣಿಯ ಆಟ ಬೇರೆ. ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ಒಳಗಿರುವ ಈ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತ ಬಂದಿದೆ. ಹಾಗಾಗಿ ಪ್ರವಾಸಿಗರು ನೆಲಕ್ಕೆ ಇಳಿಯುವುದಿಲ್ಲ, ಸುತ್ತಲಿನ ನೀರಿಗೆ ಇಳಿಯುತ್ತಾರೆ. ಹವಳ, ಬಣ್ಣದ ಮೀನು, ಅದೃಷ್ಟವಿದ್ದರೆ ಕಡಲಾಮೆ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲೆ ಈ ನೀರಿನೊಳಗಿನ ಲೋಕ ಕನ್ನಡಿಗರಿಗೆ ಇನ್ನಷ್ಟು ಹತ್ತಿರವಾಯಿತು. ಈಜು ಬಾರದವರೂ ತರಬೇತುದಾರನ ಕೈ ಹಿಡಿದು ಸ್ಕೂಬಾ ಮಾಡಬಹುದು. ತಲೆಗೆ ಐದು ಸಾವಿರದ ಆಸುಪಾಸು ಹಿಡಿಯಿರಿ. ದರ ಕೇಳುವಾಗ ನೀರಿನೊಳಗೆ ಎಷ್ಟು ನಿಮಿಷ, ಒಬ್ಬ ತರಬೇತುದಾರನಿಗೆ ಎಷ್ಟು ಜನ, ಫೋಟೋ ಅದರಲ್ಲೇ ಸೇರಿದೆಯೋ ಬೇರೆಯೋ ಎಂದು ಕೇಳಿ. ಆಸ್ತಮಾ, ಹೃದಯದ ತೊಂದರೆ, ಕಿವಿ ಸೋರುವುದು ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ವಾಂತಿಯ ಮಾತ್ರೆಯನ್ನು ದೋಣಿ ಹೊರಡುವ ಅರ್ಧ ತಾಸು ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಫಲವಿಲ್ಲ. ಎಲ್ಲರಿಗೂ ಸ್ಕೂಬಾ ಬೇಕೆಂಬ ಹಟ ಬೇಡ. ಇಬ್ಬರಿಗೆ ಭಯವಿದ್ದರೆ ಅವರು ಮುರ್ಡೇಶ್ವರ ದೇವಸ್ಥಾನದ ಗೋಪುರದ ಮೇಲಿಂದ ಕಡಲು ನೋಡುತ್ತ ಕೂರಲಿ.

ಹೋಗುವ ದಾರಿಯಲ್ಲಿ ಉಳಿತಾಯವಿದೆ. ಗೆಳತಿಯರೇ ಸೇರಿ ಹೊರಟರೆ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಹಾವೇರಿಯಿಂದ ಶಿರಸಿ, ಕುಮಟಾ, ಮುರ್ಡೇಶ್ವರ, ಉಡುಪಿಯವರೆಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ರೊಕ್ಕವೇ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಸಾಕು. ಸ್ಲೀಪರ್, ರಾಜಹಂಸಕ್ಕೆ ಇದು ನಡೆಯುವುದಿಲ್ಲ. ಶಿರಸಿಯಲ್ಲಿ, ಕುಮಟಾದಲ್ಲಿ ಬಸ್ ಬದಲಿಸುವ ತಾಳ್ಮೆ ಬೇಕು. ಮುರ್ಡೇಶ್ವರದಿಂದ ಉಡುಪಿಗೆ ಕೊಂಕಣ ರೈಲ್ವೆಯ ಪ್ಯಾಸೆಂಜರ್ ರೈಲು ಬಸ್ಸಿಗಿಂತ ಅಗ್ಗ. ಸ್ವಂತ ಕಾರಿನವರು ಹೊರಡುವ ಮುಂಚೆ ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟ ತೆರೆದಿದೆಯೇ ಎಂದು ವಿಚಾರಿಸಿ, ಅಗಲೀಕರಣದ ಕೆಲಸಕ್ಕಾಗಿ ಆ ದಾರಿ ಮುಚ್ಚಿದ್ದುಂಟು. ರಾಣೆಬೆನ್ನೂರಿನವರಿಗೆ ಶಿವಮೊಗ್ಗ, ಆಗುಂಬೆಯ ಮೇಲೆ ನೇರ ಉಡುಪಿಗೆ ಇಳಿಯುವ ದಾರಿಯೂ ಇದೆ.

ಆರು ಮಂದಿ ಒಂದು ಕಾರಿನಲ್ಲಿ ಹೋಗಿ, ಒಂದು ರೂಮಿನಲ್ಲಿ ಮೂವರು ಮಲಗಿ, ಎರಡು ರಾತ್ರಿ ಕಳೆದು ಬರಲು ಡೀಸೆಲ್, ರೂಮು, ಊಟ, ಮಲ್ಪೆಯ ದೋಣಿ ಎಲ್ಲ ಸೇರಿ ತಲೆಗೆ ಮೂರೂವರೆಯಿಂದ ನಾಲ್ಕು ಸಾವಿರ ನನ್ನ ಅಂದಾಜು. ಸ್ಕೂಬಾ ಬೇರೆ. ಉಡುಪಿಯಲ್ಲಿ ಒಂದು ಹೊತ್ತು ಕೃಷ್ಣಮಠದ ಪ್ರಸಾದವಾದರೆ ಇನ್ನೂ ಇಳಿಯುತ್ತದೆ. ಹೋಗುವ ದಿನದ ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವವರನ್ನು ನೋಡಿ ನಗಬೇಡಿ. ಘಟ್ಟ ಇಳಿಯುವ ಹೊತ್ತಿಗೆ ಎಲ್ಲರೂ ಅವರ ಬುತ್ತಿಗೇ ಕೈ ಹಾಕುತ್ತಾರೆ.

ಅಂಡಮಾನ್: ಹತ್ತು ತಿಂಗಳ ಚೀಟಿ

ಅಂಡಮಾನಿಗೆ ತಲೆಗೆ ಮೂವತ್ತರಿಂದ ಮೂವತ್ತೈದು ಸಾವಿರ ಬೇಕು. ಐದು ರಾತ್ರಿ, ಸಾದಾ ರೂಮು, ಸರ್ಕಾರಿ ಹಡಗು, ಒಂದು ಸ್ಕೂಬಾ, ಬೆಂಗಳೂರಿನವರೆಗಿನ ರೈಲು ಮತ್ತು ವಿಮಾನ ಸೇರಿದ ಲೆಕ್ಕ ಇದು. ಒಮ್ಮೆಲೇ ತೆಗೆಯುವುದು ಕಷ್ಟ. ಜನವರಿಯಲ್ಲಿ ಶುರು ಮಾಡಿ ತಿಂಗಳಿಗೆ ಮೂರು ಸಾವಿರ ಒಂದೆಡೆ ಹಾಕುತ್ತ ಬಂದರೆ ಅಕ್ಟೋಬರ್‌ಗೆ ಮೂವತ್ತು ಸಾವಿರ ಕೂಡುತ್ತದೆ. ಚೀಟಿ ಹಾಕಿ ರೂಢಿ ಇರುವ ನಮಗೆ ಇದು ಹೊಸದೇನಲ್ಲ. ಇಲ್ಲಿ ಸವಾಲು ಇಲ್ಲ, ಬಡ್ಡಿ ಇಲ್ಲ, ರೊಕ್ಕ ಎತ್ತುವುದು ವಿಮಾನದ ಟಿಕೆಟ್ಟಿಗೆ ಮಾತ್ರ. ತಿಂಗಳ ಕಂತು ಎರಡು ಸಲ ತಪ್ಪಿಸಿದವನು ಬರುವುದಿಲ್ಲವೆಂದು ಮೊದಲೇ ಗೊತ್ತಾಗುವುದು ಈ ಏರ್ಪಾಡಿನ ಇನ್ನೊಂದು ಲಾಭ. ‘ನಾ ಪಕ್ಕಾ ಬರ್ತೇನಿ’ ಎಂದವನ ಟಿಕೆಟನ್ನು ಬೇರೆಯವರ ರೊಕ್ಕದಲ್ಲಿ ತೆಗೆಯಬೇಡಿ. ಅಗ್ಗದ ಟಿಕೆಟ್ ರದ್ದಾದರೆ ಹಿಂದೆ ಬರುವುದು ಪುಡಿಗಾಸು.

ಗುಂಪು ಸಮಸಂಖ್ಯೆಯಲ್ಲಿರಲಿ. ರೂಮಿಗೆ ಇಬ್ಬರು, ಸ್ಕೂಟರಿಗೆ ಇಬ್ಬರು. ಐದನೆಯವನು ಬಂದರೆ ಎಲ್ಲ ಕಡೆ ಒಂದು ಹೆಚ್ಚಿಗೆ ತೆಗೆಯಬೇಕು. ನಾಲ್ಕು ಅಥವಾ ಆರು ಚೆನ್ನ. ಎಂಟು ದಾಟಿದರೆ ಬೆಳಿಗ್ಗೆ ಎಲ್ಲಿ ಚಹಾ ಕುಡಿಯುವುದೆಂದು ತೀರ್ಮಾನವಾಗುವಷ್ಟರಲ್ಲಿ ಹಡಗು ಹೋಗಿರುತ್ತದೆ.

ಬೆಂಗಳೂರಿನಿಂದ ಪೋರ್ಟ್ ಬ್ಲೇರಿಗೆ ನೇರ ವಿಮಾನವಿದೆ, ಸುಮಾರು ಎರಡೂವರೆ ತಾಸಿನ ಹಾರಾಟ. ಆ ಊರಿಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿದೆ. ಹ್ಯಾವ್‌ಲಾಕ್ 2018ರ ಕೊನೆಯಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್ ಹುಡುಕುವಾಗ ಹಳೆಯ, ಹೊಸ ಹೆಸರು ಎರಡೂ ಗೊತ್ತಿರಲಿ. ಈ ಮುಖ್ಯ ದ್ವೀಪಗಳಿಗೆ ಭಾರತೀಯರಿಗೆ ಪರವಾನಗಿ ಬೇಡ. ಟಿಕೆಟ್ಟಿನ ಮೇಲೆ ಹೆಸರು ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಇರಬೇಕು. ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ ಬರೆಯುವ ನಮ್ಮ ಕಡೆ ಇದು ಸುಲಭವಾಗಿ ಗೋಜಲಾಗುತ್ತದೆ. ‘ಪಕ್ಯಾ’ ಎಂದು ಕರೆದು ರೂಢಿಯಾದವನ ಪೂರ್ತಿ ಹೆಸರು ಬುಕ್ ಮಾಡುವವನಿಗೆ ಗೊತ್ತೇ ಇರುವುದಿಲ್ಲ. ಎಲ್ಲರೂ ಕಾರ್ಡಿನ ಫೋಟೋ ಕಳಿಸಲಿ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಿಗೆ ಬೆಂಗಳೂರು. ಆದರೆ ಮೆಜೆಸ್ಟಿಕ್‌ನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ವಾಯುವಜ್ರ ಬಸ್ಸಿನಲ್ಲೂ ಹೊತ್ತು ಬೇಕು, ರೈಲು ತಡವಾಗುವುದೂ ಉಂಟು. ವಿಮಾನ ಬೆಳಿಗ್ಗೆಯದಾದರೆ ಅದೇ ರಾತ್ರಿಯ ರೈಲನ್ನು ನಂಬಬೇಡಿ, ಹಿಂದಿನ ದಿನವೇ ತಲುಪಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನ ಸೇರಿಸಿ ಒಂದೇ ಟಿಕೆಟ್ ಮಾಡಿದರೆ ಕೆಲವೊಮ್ಮೆ ಹೆಚ್ಚು ವ್ಯತ್ಯಾಸ ಬರುವುದಿಲ್ಲ, ಹೋಲಿಸಿ ನೋಡಿ. ಖಾರದ ಪುಡಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಡಿಸುತ್ತಾರೆ. ಬ್ಯಾಡಗಿಯದ್ದು ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ವಾದಿಸಿ ಪ್ರಯೋಜನವಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಎಲ್ಲ ದೊಡ್ಡ ಬ್ಯಾಗಿನಲ್ಲಿ ಹೋಗಲಿ.

ಅಂಡಮಾನಿನಲ್ಲಿ ರೊಕ್ಕ ಸೋರುವುದು ಹಡಗಿನಲ್ಲಿ. ಖಾಸಗಿ ಹಡಗು ಒಂದೂವರೆ ತಾಸಿನಲ್ಲಿ ಸ್ವರಾಜ್ ದ್ವೀಪ ಮುಟ್ಟಿಸುತ್ತದೆ, ದರ ಸಾವಿರದ ಮೇಲೆ. ಸರ್ಕಾರಿ ಹಡಗು ಎರಡೂವರೆ ತಾಸು ತೆಗೆದುಕೊಳ್ಳುತ್ತದೆ, ದರ ಅದರ ಅರ್ಧಕ್ಕಿಂತ ಕಡಿಮೆ. ಟಿಕೆಟ್ ಆನ್‌ಲೈನ್‌ನಲ್ಲೂ ಫೀನಿಕ್ಸ್ ಬೇ ಜೆಟ್ಟಿಯ ಕೌಂಟರಿನಲ್ಲೂ ಸಿಗುತ್ತದೆ, ಬೇಗ ಮುಗಿಯುತ್ತದೆ. ಡೆಕ್ಕಿನ ಮೇಲೆ ನಿಂತು ಹೋಗಲು ಬಿಡುವುದು ಸರ್ಕಾರಿ ಹಡಗಿನ ಸುಖ. ಖಾಸಗಿಯದರಲ್ಲಿ ಎಸಿಯೊಳಗೆ ಗಾಜಿನ ಹಿಂದೆ ಕೂರಬೇಕು.

ಮೊದಲ ರಾತ್ರಿ ಶ್ರೀ ವಿಜಯಪುರಂ, ಎರಡು ರಾತ್ರಿ ಸ್ವರಾಜ್, ಒಂದು ಶಹೀದ್, ಕೊನೆಯ ರಾತ್ರಿ ಮತ್ತೆ ಶ್ರೀ ವಿಜಯಪುರಂ. ಈ ಕೊನೆಯ ರಾತ್ರಿಯನ್ನು ಯಾವ ಕಾರಣಕ್ಕೂ ಕಡಿತಗೊಳಿಸಬೇಡಿ. ಕಡಲು ಕೆಟ್ಟರೆ ಹಡಗು ರದ್ದಾಗುತ್ತದೆ. ಬೆಳಿಗ್ಗೆ ಹಡಗು, ಮಧ್ಯಾಹ್ನ ವಿಮಾನ ಎಂದು ಯೋಜನೆ ಹಾಕಿದವರು ಒಂದು ರೂಮಿನ ಬಾಡಿಗೆ ಉಳಿಸಲು ಹೋಗಿ ಆರು ಟಿಕೆಟ್ ಕಳೆದುಕೊಳ್ಳುತ್ತಾರೆ. ಸ್ಕೂಬಾ ಮಾಡಿದ ಮೇಲೆ ಒಂದು ದಿನ ಬಿಟ್ಟು ವಿಮಾನ ಹತ್ತಬೇಕೆಂಬ ನಿಯಮವೂ ಇದೆ, ಆದ್ದರಿಂದ ಅದನ್ನು ಸ್ವರಾಜ್ ದ್ವೀಪದ ಮೊದಲ ದಿನವೇ ಮುಗಿಸಿ. ಸೆಲ್ಯುಲರ್ ಜೈಲನ್ನು ಮೊದಲ ದಿನ ನೋಡಿ, ಅವಸರದಲ್ಲಿ ನೋಡುವ ಜಾಗ ಅದಲ್ಲ.

ಅಂಡಮಾನ್ ತೀರ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ರಜೆಯ ಠೀವಿಯಲ್ಲಿ ಹತ್ತಕ್ಕೆ ಎದ್ದು ಹನ್ನೊಂದಕ್ಕೆ ನಾಷ್ಟಾ ಮಾಡಿದರೆ ಅರ್ಧ ದಿನ ಹೋದಂತೆ. ಸ್ವರಾಜ್ ದ್ವೀಪದಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ರಾಧಾನಗರ ಕಡಲದಂಡೆಗೆ ಟ್ಯಾಕ್ಸಿ ಬೇಡ; ಲೈಸೆನ್ಸ್ ಒಯ್ಯಿರಿ. ಶಹೀದ್ ದ್ವೀಪ ಸಣ್ಣದು, ಸೈಕಲ್ ಸಾಕು. ಕೈಯಲ್ಲಿ ಸ್ವಲ್ಪ ನಗದು ಇರಲಿ, ನೆಟ್‌ವರ್ಕ್ ಇಲ್ಲದಾಗ ಫೋನ್‌ಪೇ ಕೈ ಕೊಡುತ್ತದೆ.

ಬಾರಾಟಾಂಗ್ ಗುಹೆಗಳ ಪ್ಯಾಕೇಜನ್ನು ಏಜೆಂಟರು ಒತ್ತಾಯಿಸಿ ಮಾರುತ್ತಾರೆ. ದಾರಿ ಜಾರವಾ ಬುಡಕಟ್ಟಿನವರ ಮೀಸಲು ಕಾಡಿನೊಳಗಿದೆ, ಪೊಲೀಸ್ ಕಾವಲಿನಲ್ಲಿ ವಾಹನಗಳ ಸಾಲು ಹೋಗುತ್ತದೆ, ಅವರ ಫೋಟೋ ತೆಗೆಯುವುದು ಅಪರಾಧ. ಒಂದು ಪೂರ್ತಿ ದಿನ, ನಾಲ್ಕಂಕಿಯ ರೊಕ್ಕ. ಬಿಟ್ಟುಬಿಡಿ ಎನ್ನುವುದು ನನ್ನ ಮಾತು. ಚಿಪ್ಪು, ಹವಳ ಆಯ್ದು ಬ್ಯಾಗಿಗೆ ಹಾಕಬೇಡಿ. ವನ್ಯಜೀವಿ ಕಾಯ್ದೆ ಇದೆ, ವಿಮಾನ ನಿಲ್ದಾಣದಲ್ಲಿ ತಪಾಸಣೆಯೂ ಇದೆ.

ಲಕ್ಷದ್ವೀಪದ ಆಸೆ ಈಗ ಎಲ್ಲರಿಗೂ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಈಗ ಅಲ್ಲಿಗೆ ಹೋಗಲು ಪ್ರವೇಶ ಪರವಾನಗಿ ಬೇಕು, ಅದಕ್ಕೆ ಪೊಲೀಸ್ ದೃಢೀಕರಣದಂಥ ಕಾಗದ ಬೇಕು. ಕೊಚ್ಚಿಯಿಂದ ಹಡಗು ಒಂದು ಹಗಲೋ ರಾತ್ರಿಯೋ ಹಿಡಿಯುತ್ತದೆ. ಉಳಿಯುವ ಜಾಗ ಕಡಿಮೆ, ಹಾಗಾಗಿ ದರ ಇಳಿಯುವುದಿಲ್ಲ. ಬಂಗಾರಂ ಬಿಟ್ಟರೆ ಮದ್ಯವಿಲ್ಲ. ಸಸ್ಯಾಹಾರಿಗಳು ಬುತ್ತಿ ನೆಚ್ಚಿಕೊಂಡೇ ಹೋಗಬೇಕು. ಅಂಡಮಾನ್ ಮುಗಿಸಿದ ಗುಂಪಿಗೆ ಇದು ಮುಂದಿನ ಗುರಿಯಾಗಲಿ.

ಲೆಕ್ಕ ಒಬ್ಬನ ಕೈಯಲ್ಲಿರಲಿ, ಅವನು ಪ್ರತಿ ರಾತ್ರಿ ಗುಂಪಿಗೆ ಅಂದಿನ ಖರ್ಚು ಹಾಕಲಿ. ಸ್ವಂತದ ಖರ್ಚು, ಅಂದರೆ ಸಿಗರೇಟು, ಬಿಯರು, ಹೆಂಡತಿಗೆ ತೆಗೆದ ಮುತ್ತಿನ ಸರ, ಸಾಮೂಹಿಕ ಲೆಕ್ಕಕ್ಕೆ ಬರಬಾರದು. ಕೊನೆಯ ವಜಾಬಾಕಿಯನ್ನು ಬೆಂಗಳೂರಿನಲ್ಲಿ ರೈಲು ಹತ್ತಿದ ಕೂಡಲೇ, ಬರ್ತ್ ಹಾಸುವ ಮುಂಚೆ ಮುಗಿಸಿ. ನಸುಕಿನಲ್ಲಿ ರಾಣೆಬೆನ್ನೂರಿನವರು ಮೊದಲು ಇಳಿದು ಹೋಗುತ್ತಾರೆ, ಆಮೇಲೆ ಬ್ಯಾಡಗಿಯವರು; ಹಾವೇರಿಯಲ್ಲಿ ಇಳಿಯುವವನ ಕೈಯಲ್ಲಿ ಬರೀ ಬಾಕಿಯ ಚೀಟಿ ಉಳಿಯಬಾರದು.